ಬಿಸಿಲಿಗೆ ತಂದ ಹರಳು

ತಂದೆಯ ಅಂಗಡಿಗೆ ಬೀಗ ಬಿದ್ದಿದೆ ಎಂಬ ಸುದ್ದಿ ಗುಲಫಶಾಳಿಗೆ ಮನೆಯವರಿಂದ ಬರಲಿಲ್ಲ. ಜೇವರ್ಗಿಯಿಂದ ಅಫಜಲಪುರಕ್ಕೆ ಹೊರಟ ಸರ್ಕಾರಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತ ಅಪರಿಚಿತ ಹೆಂಗಸಿನ ಬಾಯಿಂದ ಬಂತು. ಆ ಹೆಂಗಸಿಗೆ ಮಾತಾಡಲು ಯಾರಾದರೂ ಸಿಕ್ಕರೆ ಸಾಕಿತ್ತು. ಯಾರ ಮುಂದೆ ಆಡುತ್ತಿದ್ದೇನೆ ಎಂಬ ಗೊಡವೆ ಇರಲಿಲ್ಲ.

"ಗುರುಶಾಂತಮ್ಮನ ಮೂಗುಬೊಟ್ಟಿಂದು ಹಸರು ವಜ್ರ ನುಂಗಿ, ಆ ಜಾಗಾಕ್ಕ ಹಳದಿ ಹರಳು ಕೂಡ್ಸಿ ಕೊಟ್ಟಾನಂತ್ರಿ ಆ ಸಾಬ. ಈಗ ಅಂಗಡಿ ಮುಚ್ಕೊಂಡು ಮನ್ಯಾಗ ಕುಂತಾನ. ಯಾರನ್ನ ನಂಬಬೇಕ್ರಿ."

ಗುಲಫಶಾ ಕಿಟಕಿಯ ಕಡೆ ಮುಖ ತಿರುಗಿಸಿದಳು. ಜೇವರ್ಗಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುವ ಹುಡುಗಿ ಅವಳು. ಪಾಠ ನಡೆದಾಗ ಹಿಂದಿನ ಬೆಂಚಿನಲ್ಲಿ ಪಿಸುಗುಟ್ಟಿದರೂ ಬಿಡುವವಳಲ್ಲ. ಆದರೂ ಊರು ಬರುವವರೆಗೆ ಹಲ್ಲು ಕಚ್ಚಿ ಕೂತಳು. ಇಳಿಯುವಾಗ ಮಾತ್ರ ಆ ಹೆಂಗಸಿನ ಕಡೆ ಬಗ್ಗಿ ಮೆಲ್ಲಗೆ ಹೇಳಿದಳು. "ನಾ ಆ ಸಾಬನ ಮಗಳ್ರಿ. ನಮ್ಮಪ್ಪ ನುಂಗಿಲ್ಲ."

ಹೇಳಿದ್ದೇನೋ ಹೇಳಿದಳು. ನುಂಗಿಲ್ಲ ಎಂದು ಊರಿಗೆಲ್ಲ ತೋರಿಸಿಕೊಡುವುದು ಹೇಗೆ ಎಂಬುದು ಅವಳಿಗೂ ಗೊತ್ತಿರಲಿಲ್ಲ. ತೋರಿಸಿಯೇ ತೀರಬೇಕು ಎಂಬುದಷ್ಟೇ ಗೊತ್ತಿತ್ತು.

ಬಸ್‌ಸ್ಟ್ಯಾಂಡಿನಿಂದಲೇ ತಮ್ಮ ಮಸೂದನಿಗೆ ಫೋನು ಹಚ್ಚಿದಳು. ಅವನು ಊರಲ್ಲಿಲ್ಲ, ಆಳಂದದ ಮಾಮುವಿನ ಮನೆಯಲ್ಲಿದ್ದಾನೆ ಎಂಬುದೂ ಆಗಲೇ ತಿಳಿದದ್ದು. "ಆಪಾ, ನಾ ಮಾರಿಲ್ಲ. ಅರಗು ಕಾಸಿದಾಗ ಹರಳು ತಾನೇ ಹಳದಿ ಆತು," ಎಂದ. ಗುಲಫಶಾಳ ನೆತ್ತಿಗೆ ಸಿಟ್ಟು ಏರಿತು. ವಜ್ರ ಎಂದರೆ ಇಂಗಾಲ, ಅರಗು ಕಾಸುವ ಪುಟ್ಟ ಬೆಂಕಿಗೆ ಅದಕ್ಕೆ ಬೆವರೂ ಬರುವುದಿಲ್ಲ, ಹೇಳುವುದಿದ್ದರೆ ನಂಬುವಂಥದ್ದು ಹೇಳು ಎಂದು ಬೈದು ಫೋನು ಇಟ್ಟುಬಿಟ್ಟಳು. ಓದಿದವರಿಗೆ ಇದೊಂದು ರೋಗ. ತಮಗೆ ಗೊತ್ತಿರುವುದು ಮುಗಿದಲ್ಲಿಗೆ ಲೋಕವೂ ಮುಗಿಯಿತು ಎಂದುಕೊಳ್ಳುತ್ತಾರೆ.

ಗುರುಶಾಂತಮ್ಮನ ಮೂಗುಬೊಟ್ಟನ್ನು ಅಫಜಲಪುರದಲ್ಲಿ ನೋಡದವರು ಕಡಿಮೆ. ಜೋಳದ ಕಾಳಿಗಿಂತ ಚೂರು ದೊಡ್ಡ ಹರಳು. ಎಲೆಯ ಹಸಿರಿಗೆ ಸ್ವಲ್ಪ ಬೂದಿ ಬೆರೆತಂಥ ಬಣ್ಣ. ಪಚ್ಚೆಯಲ್ಲ, ವಜ್ರ. ತವರಿನಿಂದ ಬಂದದ್ದು. ತವರಿಗೆ ಎಲ್ಲಿಂದ ಬಂತು ಎಂದು ಕೇಳಿದರೆ ಮುದುಕಿ ದಿನಕ್ಕೊಂದು ಕತೆ ಹೇಳುತ್ತಿದ್ದಳು. ಗಂಡ ತೀರಿಕೊಂಡ ದಿನ ನೆಂಟರ ಪೈಕಿ ಯಾರೋ ಅದನ್ನು ತೆಗೆಸಲು ಕೈ ಚಾಚಿದಾಗ, "ಬಸವಣ್ಣನ ಹೆಸರು ಹೇಳೋ ಮನಿ ಇದು. ಕೈ ಹಿಂದಕ್ಕ ತಗೀ," ಎಂದು ಹೆಣದ ಮುಂದೆಯೇ ಗದರಿದವಳು. ಹಗಲೂ ರಾತ್ರಿ ಅದು ಅವಳ ಮೂಗಿನಲ್ಲೇ ಇತ್ತು.

ಈಗ ಮೊಮ್ಮಗಳು ಮಧುಮತಿಗೆ ಆಳಂದದ ಕಡೆ ಗಂಡು ನಿಶ್ಚಯವಾಗಿತ್ತು. ಮೂಗುಬೊಟ್ಟು ಅವಳಿಗೆ ಎಂದು ಮುದುಕಿ ಮನಸ್ಸು ಮಾಡಿದಳು. ಹರಳು ಹಿಡಿದಿದ್ದ ಬಂಗಾರದ ಉಗುರುಗಳು ಸವೆದಿದ್ದವು. ಹರಳು ಕೂಡಿಸುವ ಕೆಲಸದ ಚಾಂದಪಾಶಾ, ಗುಲಫಶಾಳ ತಂದೆ, ಮುದುಕಿಯ ಮನೆಗೇ ಹೋಗಿ, ಅಂಗಳದಲ್ಲಿ ನಾಲ್ಕು ಜನರ ಎದುರು ಅದನ್ನು ಬಿಚ್ಚಿ ತಂದ. ಅವತ್ತು ಅದು ಹಸಿರೇ ಇತ್ತು. ಅದನ್ನು ಯಾರೂ ಅಲ್ಲಗಳೆಯುವ ಹಾಗಿರಲಿಲ್ಲ, ಚಾಂದಪಾಶಾನೂ.

ಅಷ್ಟರಲ್ಲಿ ಅವನ ಕಣ್ಣಿನ ಪೊರೆ ತೆಗೆಸುವ ದಿನ ಬಂತು. ಕಣ್ಣಿಗೆ ಪಟ್ಟಿ ಬಿದ್ದದ್ದರಿಂದ ಕೆಲಸ ಮಸೂದನ ಪಾಲಾಯಿತು. ಮಸೂದನ ಕೈ ಒಳ್ಳೆಯದು, ತಂದೆಯೇ ಕಲಿಸಿದ ಕೈ. ಅವನು ಹೊಸ ಉಗುರು ಕೂಡಿಸಿ, ಕರೀ ಕಾಗದದಲ್ಲಿ ಸುತ್ತಿ, ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟ. ಪಟ್ಟಿ ಬಿಚ್ಚಿದ ಮೇಲೆ ಚಾಂದಪಾಶಾ ಒಂದು ಸಂಜೆ ದೀಪ ಹಚ್ಚುವ ಹೊತ್ತಿಗೆ ಅಂಗಡಿಗೆ ಬಂದು ಪೆಟ್ಟಿಗೆ ತೆರೆದ. ಕಾಗದದಲ್ಲಿ ಇದ್ದದ್ದು ಜೇನಿನ ಬಣ್ಣದ ಹಳದಿ ಹರಳು. ಮೊದಲು ಹೊಸ ಕಣ್ಣಿನ ದೋಷ ಅಂದುಕೊಂಡ. ಮನೆಗೆ ಓಡಿ ಹೆಂಡತಿ ಅಮೀರುನ್ನಿಸಾಳ ಕೈಯ ಹಸಿರು ಬಳೆ ನೋಡಿದ. ಬಳೆ ಹಸಿರೇ ಕಂಡಿತು. ಆಮೇಲೆ ಮಗನ ಕಡೆ ತಿರುಗಿದ.

ಮಸೂದ ನಡೆದದ್ದನ್ನು ಹೇಳಲು ಶುರು ಮಾಡಿದ. ಅರಗು ಎಂಬ ಮಾತು ಬಾಯಿಂದ ಪೂರ್ತಿ ಬೀಳುವ ಮೊದಲೇ ತಂದೆಯ ಕೈ ಎದ್ದಿತ್ತು. "ಎಲ್ಲಿ ಮಾರಿದಿ, ಅದನ್ನ ಹೇಳು," ಎಂದ. ಮಸೂದ ಎದ್ದು ಹೊರಗೆ ನಡೆದ, ಮರುದಿನ ಆಳಂದದ ಮಾಮುವಿನ ಮನೆ ಸೇರಿದ. ಚಾಂದಪಾಶಾ ಹರಳನ್ನು ಅದೇ ಕಾಗದದಲ್ಲಿ ಸುತ್ತಿ, ಒಂದು ರಾತ್ರಿಯೂ ಇಟ್ಟುಕೊಳ್ಳದೆ ಅದೇ ಕತ್ತಲಲ್ಲಿ ಗುರುಶಾಂತಮ್ಮನ ಮನೆಗೆ ನಡೆದ. "ಹರಳು ಹಿಂಗ ಅದ್ರಿ. ಹೆಂಗ ಆತೋ ನನಗ ತಿಳಿವಲ್ದು," ಎಂದು ಮುಂದಿಟ್ಟ. ಮುಂಜಾನೆಯವರೆಗೆ ತಡೆದಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಪ್ರಾಮಾಣಿಕ ಮನುಷ್ಯನಿಗೆ ತಡೆಯುವುದು ಎಲ್ಲಿಂದ ಬರಬೇಕು.

ಗುರುಶಾಂತಮ್ಮನ ಮಗ ದೊಡ್ಡಪ್ಪ ಸಾವ್ಕಾರ ಹರಳನ್ನು ಒಳಕೋಣೆಯ ತಿಜೋರಿಗೆ ಹಾಕಿ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡ. ಸಾಕ್ಷಿ ಅಂದರೆ ಸಾಕ್ಷಿ, ಯಾರೂ ಮುಟ್ಟುವಂತಿಲ್ಲ. ಓಣಿಯ ಹಿರಿಯರು ಬಂದಾಗ ಬಾಗಿಲು ಹಾಕಿ, ಕಿಟಕಿ ಮುಚ್ಚಿ, ಒಂದು ಗಳಿಗೆ ತೋರಿಸಿ ಮತ್ತೆ ಒಳಗಿಡುತ್ತಿದ್ದ. ತೆರೆದಾಗಲೆಲ್ಲ ಹರಳು ಹಳದಿ. ಮದುವೆಯೊಳಗೆ ಹಸಿರು ಹರಳು ಮರಳಿ ಬರದಿದ್ದರೆ ಪೊಲೀಸರಿಗೆ ಕೊಡುವುದಾಗಿ ಹೇಳಿ ಕಳಿಸಿದ್ದ.

ಗುಲಫಶಾ ಮನೆಗೆ ಬಂದಾಗ ಚಾಂದಪಾಶಾ ಹೊರಸಿನ ಮೇಲೆ ಕೂತಿದ್ದ. ಚಿಮಟ, ಉಳಿ, ಅರಗಿನ ಕಡ್ಡಿ ಎಲ್ಲವನ್ನೂ ಒಂದು ಬಟ್ಟೆಯಲ್ಲಿ ಗಂಟು ಕಟ್ಟಿ ಮಾಡಿನ ಕೆಳಗೆ ನೇತು ಹಾಕಿದ್ದ. ಅದನ್ನು ನೋಡಿ ಗುಲಫಶಾಳಿಗೆ ಅಳು ಬಂತು, ಅತ್ತಳು. ಆಮೇಲೆ ಮುಖ ತೊಳೆದು ತಂದೆಯ ಎದುರು ಕೂತಳು.

"ಅಬ್ಬಾ, ಮಸೂದ ಏನ್ ಹೇಳಿದ?"

"ಏನ್ ಹೇಳ್ತಾನ. ಕಾವು ಹತ್ತಿದ್ಕ ಬಣ್ಣ ಬದ್ಲಾತಂತ. ವಜ್ರ ಅಂದ್ರ ಏನು ಓತಿಕ್ಯಾತ ಅದನ? ಕಳ್ಳತನ ಮಾಡಿದ್ರ ಮಾಡ್ದ, ಸುಳ್ಳರ ನೆಟ್ಟಗ ಹೇಳಬಾರದ?"

ಓತಿಕ್ಯಾತ ಎಂಬ ಮಾತು ಗುಲಫಶಾಳನ್ನು ಹೈದರಾಬಾದಿನ ಒಂದು ಪ್ರಯೋಗಾಲಯಕ್ಕೆ ಎಳೆದುಕೊಂಡು ಹೋಗಿತ್ತು. ಎಂ.ಎಸ್ಸಿ. ಓದುವಾಗ ಅವಳು ಒಂದು ಬೇಸಿಗೆ ಅಲ್ಲಿದ್ದಳು. ಕೆಂಪಿನಾಚೆಯ, ಕಣ್ಣಿಗೆ ಕಾಣದ ಬೆಳಕನ್ನು ವಜ್ರದೊಳಗೆ ಹಾಯಿಸಿ, ಯಾವ ಬೆಳಕು ದಾಟಿತು, ಯಾವುದು ಒಳಗೇ ಉಳಿಯಿತು ಎಂದು ಯಂತ್ರ ಗೆರೆ ಎಳೆಯುತ್ತಿತ್ತು. ಆ ಗೆರೆಯಲ್ಲಿ ಒಂದು ಕಡೆ ಚೂಪಾದ ಗುಂಡಿ ಬಿದ್ದರೆ ಹೈಡ್ರೋಜನ್ ಇದೆ ಎಂದು ಅರ್ಥ. ವಜ್ರ ಬರೀ ಇಂಗಾಲ ಎನ್ನುವುದು ಶಾಲೆಯ ಪುಸ್ತಕದ ಮಾತು. ಭೂಮಿಯ ಹೊಟ್ಟೆಯಲ್ಲಿ ಅದು ಕಟ್ಟಿಕೊಳ್ಳುವಾಗ ಹೈಡ್ರೋಜನ್ ಕೂಡ ನುಸುಳಿರುತ್ತದೆ. ಎಲ್ಲಾದರೂ ಇಂಗಾಲದ ಒಂದು ಪರಮಾಣು ತಪ್ಪಿ ಜಾಗ ಖಾಲಿ ಬಿದ್ದಿದ್ದರೆ, ಪಕ್ಕದಲ್ಲಿ ಸಾರಜನಕವಿದ್ದರೆ, ಆ ಸಂದಿನಲ್ಲಿ ಸೇರಿಕೊಂಡು ಕೂರುತ್ತದೆ. ಬಹಳ ಹರಳುಗಳಲ್ಲಿ ಅದು ಇದ್ದೂ ಕಾಣುವುದಿಲ್ಲ. ಹೈಡ್ರೋಜನ್ ತುಂಬಿಕೊಂಡ ಕೆಲವೇ ಕೆಲವು ಹರಳುಗಳು ಮಾತ್ರ ಬೆಳಕಿನಲ್ಲಿ ಹಸಿರು, ಕತ್ತಲಲ್ಲಿ ಇಟ್ಟರೆ ಅಥವಾ ಕಾಯಿಸಿದರೆ ಹಳದಿ. ಗೋಸುಂಬೆ ವಜ್ರ ಎಂದು ಹೆಸರು. ಒಂದೇ ಹರಳಿನ ಎರಡು ಚಿತ್ರಗಳನ್ನು ಮಾರ್ಗದರ್ಶಕರು ಪರದೆಯ ಮೇಲೆ ತೋರಿಸಿ, "ಇದನ್ನು ನೀವು ಜನ್ಮದಲ್ಲಿ ಕಾಣಲಾರಿರಿ," ಎಂದು ಮುಂದಕ್ಕೆ ಸರಿಸಿದ್ದರು. ಊಟದ ಹೊತ್ತಾಗಿತ್ತು. ಗುಲಫಶಾಳೂ ಅದನ್ನು ಅಲ್ಲಿಗೇ ಬಿಟ್ಟು ಎದ್ದಿದ್ದಳು.

ಆ ಹರಳು ತಾನು ಹುಟ್ಟಿದಾಗಿನಿಂದ ಪಕ್ಕದ ಓಣಿಯ ಮುದುಕಿಯ ಮೂಗಿನಲ್ಲೇ ಇತ್ತು. ಮತ್ತು ತಮ್ಮ ನಿಜವನ್ನೇ ಹೇಳಿದ್ದ.

ಮರುದಿನ ಅವಳು ಆಳಂದಕ್ಕೆ ಹೋದಳು. ಮಸೂದ ಆಟೋ ಸ್ಟ್ಯಾಂಡಿನಲ್ಲಿ ಮಾಮುವಿನ ಆಟೋ ಹೊಡೆಯುತ್ತಿದ್ದ. ಹರಳು ಹಿಡಿಯಬೇಕಾದ ಬೆರಳುಗಳಿಗೆ ಗ್ರೀಸು ಮೆತ್ತಿತ್ತು.

"ನಾ ಫೋನ್‌ನ್ಯಾಗ ಅಂದಿದ್ದು ತಪ್ಪಾತು. ಈಗ ಹೇಳು. ಮೊದಲಿಂದ ಹೇಳು," ಎಂದಳು.

ಮಸೂದ ಅವಳನ್ನು ಸ್ವಲ್ಪ ಹೊತ್ತು ನೋಡಿದ. "ಉಗುರು ಬಡಿಯುವಾಗ ಅಲುಗಾಡಬಾರ್ದು ಅಂತ ಅರಗಿನ್ಯಾಗ ಕೂಡಿಸ್ತೇವಲ್ಲ. ಸಂಜಿಮುಂದ ಅರಗು ಬಿಸಿ ಮಾಡಾಕತ್ತಿದ್ದೆ. ನೋಡ ನೋಡೂದ್ರಾಗ ಹಸರು ಹೋಗಿ ಹಳದಿ ಆತು, ಆಪಾ. ಸುಟ್ಟೇ ಹೋತೇನೋ ಅಂತ ಎದಿ ನಡುಗ್ತು. ಗಡಬಡ ಕೆಲಸ ಮುಗಿಸಿ ಸುತ್ತಿ ಇಟ್ಟೆ. ಮತ್ತ ತಗದು ನೋಡಾಕ ಧೈರ್ಯ ಬರಲಿಲ್ಲ."

"ಕರೀ ಕಾಗದದಾಗ?"

"ಕರೀ ಕಾಗದದಾಗ. ಪೆಟ್ಟಿಗ್ಯಾಗ."

ಗುಲಫಶಾ ಅವನ ಗ್ರೀಸು ಮೆತ್ತಿದ ಕೈ ಹಿಡಿದುಕೊಂಡಳು. ಹರಳನ್ನು ಹೊರಗೆ ತಂದು ಹತ್ತು ಜನರ ಮುಂದೆ ತೋರಿಸುತ್ತೇನೆ, ನೀನೂ ನಡೆ ಎಂದಳು. ಮಸೂದ ಬರುವುದಿಲ್ಲವೆಂದು ತಲೆಯಾಡಿಸಿದ.

"ಊರಿನವ್ರ ಮುಂದ ತೋರಿಸು ಬಿಡು, ಬ್ಯಾಡ ಅನ್ನಂಗಿಲ್ಲ. ಆದ್ರ ನಾ ಬರಂಗಿಲ್ಲ. ನಾ ಹೇಳೋದು ಅಬ್ಬಾ ಒಮ್ಮಿ ಪೂರ್ತಿ ಕೇಳಬೇಕು. ಆಮ್ಯಾಲ ಬರ್ತೇನಿ."

ಗುರುಶಾಂತಮ್ಮನ ಮನೆಗೆ ಗುಲಫಶಾ ಮೊದಲ ಸಲ ಹೋದಾಗ ದೊಡ್ಡಪ್ಪ ಸಾವ್ಕಾರ ಪಡಸಾಲೆಯಲ್ಲಿ ಕೂತು ಕಬ್ಬು ಕಡಿಯುವ ಗ್ಯಾಂಗಿನ ಮುಕ್ಕಡಮನ ಜೊತೆ ಫೋನಿನಲ್ಲಿ ಜಗಳ ಮಾಡುತ್ತಿದ್ದ. ಸೊನ್ನದ ಬ್ಯಾರೇಜಿನ ನೀರು ಬಂದ ಮೇಲೆ ಅವನ ಹೊಲದ ಕಬ್ಬು ಎಷ್ಟು ಎತ್ತರಕ್ಕೆ ಬೆಳೆದಿತ್ತೋ ಅವನ ದನಿಯೂ ಅಷ್ಟೇ ಬೆಳೆದಿತ್ತು. ಕೆಟ್ಟವನಲ್ಲ, ಒಮ್ಮೆ ಆಡಿದ ಮಾತಿನಿಂದ ಹಿಂದಕ್ಕೆ ಬರುವ ದಾರಿ ಮಾತ್ರ ಅವನಿಗೆ ಗೊತ್ತಿರಲಿಲ್ಲ.

"ಕಾಕಾ, ಹರಳು ಬದ್ಲಾಗಿಲ್ಲ. ಅದೇ ಹರಳು ಅದ. ಕೋಣ್ಯಾಗಿಂದ ಹೊರಗ ತಂದು ಬಿಸಲಿಗಿ ಹಿಡೀರಿ, ನಿಮಗೇ ಕಾಣ್ತದ," ಎಂದಳು.

"ಹೊರಗ ತರಬೇಕು, ನೀ ಕೈ ಹಚ್ಚಬೇಕು, ಒಳಗ ಹೋಗೂದ್ರಾಗ ಇನ್ನೊಂದು ಹರಳು ಆಗಬೇಕು. ಹೌದಲ್ಲ?" ಎಂದ ದೊಡ್ಡಪ್ಪ. "ಸಾಕ್ಷಿ ಅದು. ಪೊಲೀಸ್ರು ಬರೂತನ ತಿಜೂರಿ ಬಿಟ್ಟು ಅಲ್ಲಾಡಂಗಿಲ್ಲ."

ಅದೇ ಫಜೀತಿ. ಅವನು ಎಷ್ಟು ಜತನದಿಂದ ಕಾಯುತ್ತಿದ್ದನೋ ಹರಳು ಅಷ್ಟು ಗಟ್ಟಿಯಾಗಿ ಹಳದಿಯಲ್ಲೇ ನಿಂತಿತ್ತು. ಗುಲಫಶಾ ಬಿಡಿಸಿ ಹೇಳಿದಳು, ಫೋನಿನಲ್ಲಿ ಚಿತ್ರ ತೋರಿಸಿದಳು. ಫೋನಿನಲ್ಲಿ ಬೇಕಾದ ಬಣ್ಣ ಬರುತ್ತದೆ ಎಂದು ದೊಡ್ಡಪ್ಪ ಎದ್ದು ಒಳಗೆ ಹೋದ. ಎರಡನೆಯ ಸಲ ಹೋದಾಗ ಬಾಗಿಲೇ ತೆರೆಯಲಿಲ್ಲ.

ಮೂರನೆಯ ಸಲ ಅವಳು ಬಾಗಿಲು ಬಡಿಯಲಿಲ್ಲ. ಕಾಲೇಜಿಗೆ ರಜೆ ಹಾಕಿ, ಮುಂಜಾನೆಯೇ ಬಂದು, ಆ ಮನೆಯ ಕಟ್ಟೆಯ ಮೇಲೆ ಚೀಲ ಪಕ್ಕಕ್ಕಿಟ್ಟು ಕೂತುಬಿಟ್ಟಳು. ಮದುವೆಯ ಮನೆ, ಬರುವವರು ಹೋಗುವವರು ಎಲ್ಲ ಅವಳನ್ನು ದಾಟಿಯೇ ಹೋಗಬೇಕು. ಏನು ಬೇಕಮ್ಮ ಎಂದು ಕೇಳಿದವರಿಗೆಲ್ಲ ಅವಳದು ಒಂದೇ ಮಾತು: "ಹರಳು ಬಿಸಲಿಗಿ ತರಬೇಕ್ರಿ." ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಓಣಿಯ ಅರ್ಧ ಜನ ದೊಡ್ಡಪ್ಪ ಯಾಕೆ ಹರಳು ಹೊರಗೆ ತರುತ್ತಿಲ್ಲ ಎಂದು ಕೇಳತೊಡಗಿದ್ದರು. ದೊಡ್ಡಪ್ಪ ಕೆಂಪಗೆ ಆಗಿ ಹೊರಗೆ ಬಂದ, ಏನೋ ಅನ್ನಲು ಹೋದ, ಹೆಣ್ಣುಮಗಳು ಎಂದು ನುಂಗಿಕೊಂಡು ಒಳಗೆ ಹೋದ. ಮನೆಗೆಲಸದ ಮಲ್ಕಮ್ಮ ಒಂದು ತಂಬಿಗೆ ನೀರು ತಂದಿಟ್ಟು, "ಅವ್ವಾರು ಒಳಗ ಕರೀಲಿಕತ್ಯಾರ," ಎಂದಳು.

ಗುರುಶಾಂತಮ್ಮ ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯಲ್ಲಿ ಮಂಚದ ಮೇಲೆ ಕೂತಿದ್ದಳು. ಮೂಗಿನ ತೂತಿಗೆ ಬೇವಿನ ಕಡ್ಡಿ ಸಿಕ್ಕಿಸಿಕೊಂಡಿದ್ದಳು. ಬರೀ ಮೂಗಿನ ಗುರುಶಾಂತಮ್ಮನನ್ನು ಗುಲಫಶಾ ಅದೇ ಮೊದಲು ಕಂಡದ್ದು, ಪಾಪ ಅನಿಸಿತು.

"ಏನ್ ಬೇ, ನಮ್ಮ ಕಟ್ಟಿ ಸವೀಲಿ ಅಂತ ಕುಂತೀಯೇನು?"

"ಹರಳು ತರೂತನ ಕುಂಡ್ರತೇನಿ, ಆಯಿ."

"ನಿಮ್ಮಪ್ಪ ಸುಳ್ಳು ಹೇಳೋ ಮನಿಶ್ಯಾ ಅಲ್ಲ ಅಂತ ನನಗ ಗೊತ್ತದ. ಆದ್ರ ನನ್ನ ಹರಳು ಹಸರು. ಅದು ಹಳದಿ. ನಾ ಏನಂತ ತಿಳಕೋಬೇಕು ಹೇಳು."

ಗುಲಫಶಾ ನೆಲದ ಮೇಲೆ ಕೂತಳು. ಇಂಗಾಲ, ಸಾರಜನಕ ಅಂದರೆ ಇಲ್ಲಿ ನಡೆಯುವುದಿಲ್ಲ ಎಂದು ಗೊತ್ತಿತ್ತು. "ಆಯಿ, ಭೀಮಾ ಹೊಳಿ ನೀರಿನ್ಯಾಗ ಹೈಡ್ರೋಜನ್ ಅಂತ ಒಂದು ಅದ. ಅದೇ ನಿಮ್ಮ ಹರಳಿನ್ಯಾಗೂ ಹೊಕ್ಕು ಕುಂತದ. ಹರಳಿನ್ಯಾಗ ಅದು ಬಾಡಿಗಿ ಮನ್ಯಾಗ ಇದ್ದಂಗ, ಮನಿ ಅದರದಲ್ಲ. ಬಿಸಲು ಬಿದ್ರ ಹರಳಿಗಿ ಒಂದು ಬಣ್ಣ, ಕತ್ತಲಾಗಿಟ್ರ, ಕಾಸಿದ್ರ ಇನ್ನೊಂದು ಬಣ್ಣ. ಯಾಕ ಹಂಗ ಅಂತ ದೊಡ್ಡ ದೊಡ್ಡವ್ರಿಗೂ ಇನ್ನ ಪೂರ್ತಿ ತಿಳದಿಲ್ಲ. ಹಂಗ ಆಗ್ತದ ಅನ್ನೂದು ಮಾತ್ರ ಖರೆ."

"ಇಷ್ಟು ವರ್ಷ ನನ್ನ ಮೂಗಿನ್ಯಾಗ ಒಂದು ದಿನಾನೂ ಆಗಿಲ್ಲಲ್ಲ."

"ನೀವು ದಿನಾ ಬಿಸಲಿಗಿ ಬರ್ತಿದ್ರಿ. ಆಯಿ, ನೆನಸ್ಕೋರಿ. ದಿನಗಟ್ಲೆ ಸೂರ್ಯನ ಮುಖ ನೋಡದೆ ಇದ್ದದ್ದು ಯಾವಾಗರ ಅದ ಏನು?"

ಮುದುಕಿ ಇಲ್ಲ ಎನ್ನಲು ಬಾಯಿ ತೆರೆದವಳು ಅರ್ಧಕ್ಕೇ ತಡೆದಳು. ಕೈ ತಾನಾಗಿ ಮೂಗಿನ ಬೇವಿನ ಕಡ್ಡಿಗೆ ಹೋಯಿತು. ಮಲ್ಕಮ್ಮನ ಕಡೆ ನೋಡಿದಳು, ಆಮೇಲೆ ಗುಲಫಶಾಳ ಕಡೆ.

"ಬಾಣಂತನ," ಎಂದಳು. "ದೊಡ್ಡಪ್ಪ ಹುಟ್ಟಿದಾಗ. ಕಿಟಕಿಗಿ ಕಂಬಳಿ ಕಟ್ಟಿ, ಹೊರಸಿನ ಬುಡಕ ಕೆಂಡ ಇಟ್ಟು ಮಲಗಿಸಿದ್ರು. ನಮ್ಮತ್ತಿ ಎಣ್ಣಿ ಹಚ್ಚಾಕ ಬಂದಾಕಿ ದೀಪ ಹಿಡದು ನೋಡಿ, ಏನಬೇ ನಿನ್ನ ಮೂಗುಬೊಟ್ಟಿಗಿ ಕಾಮಾಲಿ ಬಂದದ ಅಂದ್ಳು. ಮುದುಕಿಗಿ ಕಣ್ಣು ಹೋಗ್ಯಾವ ಅಂತ ನಾ ಒಳಗೊಳಗ ನಕ್ಕಿದ್ದೆ. ಹೊರಗ ಬಂದು ನೀರು ಹಾಕ್ಕೊಂಡಾಗ ಹಸರೇ ಇತ್ತು."

ಕಡ್ಡಿಯಿಂದ ಕೈ ಇಳಿಸಿದಳು. "ಅತ್ತಿ ಕಣ್ಣು ನೆಟ್ಟಗೇ ಇದ್ವು," ಎಂದಳು. ಎದ್ದು ನಿಂತು, ಮಗನ ಹೆಸರು ಹಿಡಿದು ಕೂಗಿದಳು. ಆ ಕೂಗು ಕೇಳಿ ಅಂಗಳದಲ್ಲಿ ಮದುವೆಯ ಬೇಳೆ ಹಸನು ಮಾಡುತ್ತಿದ್ದ ಹೆಂಗಸರೂ ಎದ್ದು ನಿಂತರು.

ದೊಡ್ಡಪ್ಪ ತಿಜೋರಿ ತೆರೆಯಲು ಒಪ್ಪಿದ್ದು ಒಂದು ಕರಾರಿನ ಮೇಲೆ: ಹರಳು ತಾಯಿಯ ಕೈ ಬಿಟ್ಟು ಬೇರೆ ಯಾರ ಕೈಗೂ ಹೋಗಕೂಡದು. ಗುಲಫಶಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬೇವಿನ ಗಿಡದ ಹತ್ತಿರ ದೂರ ನಿಂತಳು. ಒಳಕೋಣೆಯಲ್ಲಿ ಟ್ಯೂಬ್‌ಲೈಟಿನ ಬೆಳಕಿಗೆ ಕಾಗದ ಬಿಚ್ಚಿದಾಗ ಹರಳು ಹಳದಿ ಇತ್ತು. "ನೋಡ್ರಿ," ಎಂದ ದೊಡ್ಡಪ್ಪ, ಗೆದ್ದವನ ಹಾಗೆ. ಗುರುಶಾಂತಮ್ಮ ಅದನ್ನು ಮುಷ್ಟಿಯಲ್ಲಿ ಹಿಡಿದು ಪಡಸಾಲೆ ದಾಟಿ, ಮೆಟ್ಟಿಲಿಳಿದು, ಸುಡುವ ಅಂಗಳದ ನಡುವೆ ನಿಂತು ಅಂಗೈ ಬಿಚ್ಚಿದಳು.

ಹಳದಿ. ಬಿಸಿಲು ಬಿದ್ದು ಇನ್ನಷ್ಟು ಹಳದಿ ಎದ್ದು ಕಾಣುತ್ತಿತ್ತು. ಯಾರೋ ಕೆಮ್ಮಿದರು. ಪರದೆಯ ಮೇಲಿನ ಹರಳು ಯಾರದೋ, ಇದು ಯಾವುದೋ. ತಾನು ಊಹೆಯನ್ನೇ ನಂಬಿ ಊರು ಸೇರಿಸಿದೆನೇ ಎಂಬ ಭಯ ಮೊದಲ ಸಲ ಗುಲಫಶಾಳನ್ನು ಹಿಡಿಯಿತು. ತಮ್ಮನ ಗ್ರೀಸು ಮೆತ್ತಿದ ಬೆರಳು ನೆನಪಿಗೆ ಬಂದವು. ಕಾಲು ಹಿಂದೆ ತೆಗೆಯಲಿಲ್ಲ.

ಮೊದಲು ಕಂಡವಳು ಮಲ್ಕಮ್ಮ. "ಅವ್ವಾರೆ, ಅಂಚಿಗಿ ಹಸರು ಬರಾಕತ್ತದ್ರಿ," ಎಂದಳು.

ಬರುತ್ತಿತ್ತು. ಜೇನಿನ ಬಣ್ಣ ಮಂಕಾಯಿತು, ಅದರೊಳಗೆ ಎಲೆಯ ಬಣ್ಣ ಇಳಿಯಿತು, ಅದು ಅಂಚಿನಿಂದ ನಡುವಿಗೆ ಹಬ್ಬಿತು. ಬೇಳೆ ಹಸನು ಮಾಡುವವರ ಕೈಯಲ್ಲಿ ಮೊರ ಹಾಗೇ ನಿಂತಿದ್ದವು. ಮುದುಕಿಯ ಅಂಗೈಯಲ್ಲಿ ಈಗ ಬೂದಿ ಬೆರೆತ ಹಸಿರು ಹರಳು, ಅವಳ ಮೂಗಿನಲ್ಲಿ ಊರೆಲ್ಲ ನೋಡಿದ ಅದೇ ಹರಳು. ಗುರುಶಾಂತಮ್ಮನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲು ಕೈ ತೆಗೆದರೆ ಹರಳು ಬಿದ್ದೀತೆಂದು ಹಾಗೇ ಬಿಟ್ಟಳು.

"ಬಿಸಲಾಗ ಕಣ್ಣಿಗಿ ಹಂಗೇ ಕಾಣತದ," ಎಂದ ದೊಡ್ಡಪ್ಪ. ಆದರೆ ದನಿ ಕುಗ್ಗಿತ್ತು.

"ಮಲ್ಕಮ್ಮ, ಹಂಚು ಇನ್ನ ಬಿಸಿ ಅದನ?" ಎಂದಳು ಗುರುಶಾಂತಮ್ಮ.

ಮದುವೆಗೆ ಒಣರೊಟ್ಟಿ ಬಡಿಯುತ್ತಿದ್ದ ಒಲೆಯ ಮೇಲೆ ಹಂಚು ಇನ್ನೂ ಕಾದೇ ಇತ್ತು. ಮುದುಕಿ ತಾನೇ ಹೋಗಿ ಮೂಗುಬೊಟ್ಟನ್ನು ಹಂಚಿನ ಅಂಚಿಗಿಟ್ಟಳು. ಮಗನ ರಟ್ಟೆ ಹಿಡಿದು ಒಲೆಯ ಮುಂದೆ ಕೂಡಿಸಿದಳು. ಎಲ್ಲರೂ ನೋಡುತ್ತಿದ್ದ ಹಾಗೆ ಹಸಿರು ಕರಗಿ ಹಳದಿ ಬಂತು, ಮೊದಲಿಗಿಂತ ಗಾಢವಾದ ಹಳದಿ. ಅದನ್ನು ಇಕ್ಕಳದಲ್ಲಿ ಹಿಡಿದು ಮತ್ತೆ ಅಂಗಳಕ್ಕೆ ತಂದಳು. ಆರುತ್ತ ಆರುತ್ತ ಬಿಸಿಲಿನಲ್ಲಿ ಮತ್ತೆ ಹಸಿರಾಯಿತು.

"ಆ ಹುಡುಗ ಅರಗು ಕಾಸಿದ. ಇದು ಹಳದಿ ಆತು. ಕತ್ತಲಾಗ ಇಟ್ಟ, ಹಂಗೇ ಉಳೀತು. ನೀ ಮತ್ತೊಂದು ಕತ್ತಲಾಗ ಇಟ್ಟಿ," ಎಂದಳು ಮಗನಿಗೆ.

"ಬಾಣಂತನದ್ದು ನನಗ ಮೊದಲೇ ಯಾಕ ಹೇಳಲಿಲ್ಲವ್ವಾ?"

"ನೀ ಕೇಳಿದ್ಯೇನು? ಕೀಲಿ ಉಡದಾರಕ್ಕ ಕಟ್ಕೊಂಡು ಓಡಾಡಿದಿ. ನಡಿ ಈಗ, ಚಪ್ಪಲಿ ಮೆಟ್ಟು."

ಹಾಡುಹಗಲಲ್ಲಿ, ಓಣಿಯ ನಡುವೆ, ಅಂಗೈ ಬಿಚ್ಚಿಕೊಂಡೇ ಗುರುಶಾಂತಮ್ಮ ಚಾಂದಪಾಶಾನ ಮನೆಗೆ ನಡೆದಳು. ಬಾಗಿಲು ಬಾಗಿಲಿಗೂ ನಿಂತು ತೋರಿಸಿದಳು. ಹಿಂದೆ ದೊಡ್ಡಪ್ಪ, ತಲೆ ತಗ್ಗಿಸಿ. ಗುಲಫಶಾ ಅವರಿಗಿಂತ ಮುಂದೆ ಓಡಿ ಹೋಗಿ ತಂದೆಗೆ ಎಲ್ಲ ಹೇಳಿಬಿಟ್ಟಿದ್ದಳು. ಚಾಂದಪಾಶಾ ಹರಳನ್ನು ತೆಗೆದುಕೊಂಡು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಒಂದು ಸಲ ಮುಷ್ಟಿ ಮುಚ್ಚಿ ತೆರೆದ.

"ತಪ್ಪಾತು, ಪಾಶಾ. ನಿನ್ನ ಮ್ಯಾಲ ಸಂಶೆ ಪಟ್ಟೆ," ಎಂದ ದೊಡ್ಡಪ್ಪ. ಆ ಮಾತು ಹೊರಗೆ ತರಲು ಅವನು ಪಟ್ಟ ಕಷ್ಟವನ್ನು ಎಲ್ಲರೂ ನೋಡಿದರು.

"ನೀವು ಸಂಶೆ ಪಟ್ಟಿದ್ದು ಹೊರಗಿನವನ ಮ್ಯಾಲ್ರಿ, ಸಾವ್ಕಾರ್ರೆ," ಎಂದ ಚಾಂದಪಾಶಾ. "ನಾ ಪಟ್ಟಿದ್ದು ನನ್ನ ಮಗನ ಮ್ಯಾಲ."

ಗುರುಶಾಂತಮ್ಮ ಬೇವಿನ ಕಡ್ಡಿ ಕಿತ್ತು ಎಸೆದು, ಮದುವೆಯವರೆಗಾದರೂ ನನ್ನ ಮೂಗಿಗೆ ಹಾಕು, ಬರೀ ಮೂಗು ನೋಡಲಾಗದು ಎಂದಳು. ಚಾಂದಪಾಶಾ ಹರಳನ್ನು ಅವಳ ಕೈಗೇ ಮರಳಿ ಕೊಟ್ಟ. "ಮಸೂದನ ಕೆಲಸ ಅದ್ರಿ. ಅವನೇ ಬಂದು ಹಾಕ್ತಾನ." ಮಾಡಿನ ಕೆಳಗೆ ನೇತು ಹಾಕಿದ್ದ ಗಂಟನ್ನು ಇಳಿಸಿ ಬಗಲಿಗೆ ಸಿಕ್ಕಿಸಿಕೊಂಡ. ಊಟ ಮಾಡಿ ಹೋಗಿರೆಂದು ಅಮೀರುನ್ನಿಸಾ ಹೇಳುತ್ತಿದ್ದಂತೆಯೇ ಬಸ್‌ಸ್ಟ್ಯಾಂಡಿನ ಕಡೆ ನಡೆದಿದ್ದ. ಗುಲಫಶಾ ಹಿಂದೆ ಓಡಿದಳು.

ಇಬ್ಬರೂ ಆಳಂದದ ಬಸ್ಸು ಹತ್ತಿದರು. ಹರಳಿನೊಳಗೆ ಹೈಡ್ರೋಜನ್ ಹೇಗೆ ಹೊಕ್ಕಿತು, ಹೇಗೆ ಕೂತಿತು ಎಂದು ಗುಲಫಶಾ ಹೇಳಲು ಹೋದಾಗ ಚಾಂದಪಾಶಾ ಕೈ ಎತ್ತಿ ತಡೆದ. ಅದು ಅವನಿಗೆ ಬೇಕಿರಲಿಲ್ಲ.

ಆಟೋ ಸ್ಟ್ಯಾಂಡಿನಲ್ಲಿ ಮಸೂದ ಯಾರದೋ ಗೊಬ್ಬರದ ಚೀಲ ಹಿಂದಿನ ಸೀಟಿಗೆ ಏರಿಸುತ್ತಿದ್ದ. ತಂದೆಯನ್ನು ಕಂಡು ಚೀಲ ಅಲ್ಲೇ ಬಿಟ್ಟು ನೆಟ್ಟಗೆ ನಿಂತ. ಮುಖ ಬಿಗಿದಿತ್ತು. ಗುಲಫಶಾಳಿಗೆ ಎಲ್ಲ ತಾನೇ ಹೇಳಿಬಿಡಬೇಕು ಅನಿಸಿತು. ಹಂಚಿನ ಮಾತು, ಬಾಣಂತನದ ಮಾತು, ಊರು ನೋಡಿದ್ದು. ತಡೆದುಕೊಂಡಳು.

ಚಾಂದಪಾಶಾ ಆಟೋದೊಳಗೆ ಹತ್ತಿ, ಗೊಬ್ಬರದ ಚೀಲದ ಪಕ್ಕ ಕೂತ. ಉಪಕರಣದ ಗಂಟನ್ನು ತೊಡೆಯ ಮೇಲಿಟ್ಟು ಬಿಚ್ಚಿ, ಅರಗಿನ ಕಡ್ಡಿ ತೆಗೆದು ಮಗನ ಕೈಗೆ ಕೊಟ್ಟ. ಪಕ್ಕದ ಜಾಗ ಅಂಗೈಯಿಂದ ಒರೆಸಿದ.

"ಕುಂಡ್ರು ಬೇಟಾ," ಎಂದ. "ಅವತ್ತು ಹೇಳಾಕ ಹತ್ತಿದ್ದಿ. ಈಗ ಹೇಳು. ಪೂರ್ತಿ ಕೇಳ್ತೇನಿ."

ಮಸೂದ ನಿಂತೇ ಇದ್ದ. ಕಡ್ಡಿಯನ್ನು ಬೆರಳ ನಡುವೆ ಒಮ್ಮೆ ತಿರುಗಿಸಿದ. ಆಮೇಲೆ ತಂದೆಯ ಪಕ್ಕ ಕೂತ.

"ಸಂಜಿಮುಂದ ಅರಗು ಕಾಸಾಕತ್ತಿದ್ದೆ, ಅಬ್ಬಾ," ಎಂದು ಶುರು ಮಾಡಿದ.